ಅನೇಕ್ ಕನ್ನಡ ಕಂಡೆನ್ಸ್‌ಡ್: ಸವೆದ ಅಕ್ಷರದ ಪೋಸ್ಟರ್‌ಗೆ ದೀರ್ಘಕಾಲ ಬಳಸಿದ ಮೇಲಿನ ಅಭಿಪ್ರಾಯ

ಉಡುಪಿ, ಮಂಗಳೂರಿನ ಪೋಸ್ಟರ್‌ಗಳಲ್ಲಿ ‘ಬ್ರಹ್ಮಕಲಶೋತ್ಸವ’ ಎಂಬ ಒಂದೇ ಪದ ಇಡೀ ಅಗಲವನ್ನು ನುಂಗಿಬಿಡುತ್ತದೆ. ದಪ್ಪ ಫಾಂಟನ್ನು ಅಡ್ಡಕ್ಕೆ ಅದುಮಿದರೆ ನಿಂತ ಗೆರೆಗಳು ತೆಳುವಾಗಿ, ಅಡ್ಡಗೆರೆಗಳು ಹಾಗೇ ಉಳಿದು ಅಕ್ಷರದ ಅಂದ ಕೆಡುತ್ತದೆ. ಏಕ್ ಟೈಪ್ ಎಂಬ ಫಾಂಟ್ ಸಂಸ್ಥೆ 2022ರಲ್ಲಿ ಹೊರತಂದ ಅನೇಕ್ ಕನ್ನಡ ಫಾಂಟಿನಲ್ಲಿ ಅಗಲವನ್ನು 75ರಿಂದ 125, ತೂಕವನ್ನು (ಗೆರೆಯ ದಪ್ಪ) 100ರಿಂದ 800ರವರೆಗೆ ಬದಲಿಸಬಹುದು. ಅಗಲ 75 (ಕಿರಿದಾದ ‘ಕಂಡೆನ್ಸ್‌ಡ್’ ರೂಪ), ತೂಕ 800 ಇಟ್ಟರೆ ಆ ಪದ ಗಟ್ಟಿಯಾಗಿ ನಿಲ್ಲುತ್ತದೆ. ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ವ್ಯಾಪಾರದ ಕೆಲಸಕ್ಕೂ ಉಚಿತ. ಕನ್ನಡ ಲಿಪಿಯಲ್ಲಿ ಬರೆಯುವ ತುಳು ಬ್ಯಾನರ್‌ಗೂ ಇದೇ ಸಾಕು.

ಫಾಂಟ್ ನುಣುಪಾಗಿದೆ, ಸವೆತವನ್ನು (ಗೀರು ಬಿದ್ದು ಮಾಸಿದಂಥ ಹಳೆಯ ನೋಟ) ನಾವೇ ಕೊಡಬೇಕು. ಅದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಗೀರು ಫಾಂಟಿನೊಳಗೇ ಇದ್ದರೆ, ಬದಲಿ ರೂಪಗಳಿಲ್ಲದಾಗ, ಅದೇ ಅಕ್ಷರ ಮತ್ತೆ ಬಂದಾಗ ಅದೇ ಜಾಗದಲ್ಲಿ ಅದೇ ಗೀರು ಕಾಣುತ್ತದೆ. ಕನ್ನಡದಲ್ಲಿ ಇನ್ನೊಂದು ಅಪಾಯವೂ ಇದೆ. ‘ರಥೋತ್ಸವ’ದ ಥಕಾರದ ಚುಕ್ಕಿ ಅಳಿದರೆ ಅದು ಧಕಾರ. ರಕಾರದೊಳಗೆ ಮಸಿ ಚುಕ್ಕಿ ಬಿದ್ದರೆ ಠಕಾರ. ಷಕಾರದ ಒಳಗೆರೆ ಹೋದರೆ ಪಕಾರ. ಕಂಡೆನ್ಸ್‌ಡ್‌ನಲ್ಲಿ ಒಳಜಾಗ ಕಡಿಮೆ, ಹಾಗಾಗಿ ಈ ಗುರುತುಗಳು ಮೊದಲೇ ಸಣ್ಣವು.

ಅಡೋಬಿಯ ವಿನ್ಯಾಸ ತಂತ್ರಾಂಶ ಇಲ್ಲಸ್ಟ್ರೇಟರ್‌ನಲ್ಲಿ ಮೊದಲು ಇಂಡಿಕ್ ಆಪ್ಷನ್ಸ್ ಆನ್ ಮಾಡಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ, ಇಲ್ಲವಾದರೆ ಒತ್ತಕ್ಷರ ಒಡೆಯುತ್ತದೆ. ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ) 0 ಇರಲಿ. ಎರಡು ಸಾಲಿದ್ದರೆ ಲೀಡಿಂಗ್ (ಸಾಲುಗಳ ಅಂತರ) ಅಕ್ಷರದ ಗಾತ್ರದ 130–140% ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ‘ಹ್ಮ’, ‘ತ್ಸ’ಗಳ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಅಕ್ಷರವನ್ನು ಔಟ್‌ಲೈನ್ ಮಾಡಿ (ಆಕಾರವಾಗಿ ಬದಲಿಸಿ), ಪಾತ್‌ಫೈಂಡರ್‌ನಲ್ಲಿ ಯುನೈಟ್ ಮಾಡಿ ಒಂದಾಗಿಸಿ. ಹಳೆಯ ಗಾರೆಗೋಡೆ ಅಥವಾ ಕೆಂಪುಕಲ್ಲಿನ ಫೋಟೋವನ್ನು ಫೋಟೋಶಾಪ್‌ನ ಥ್ರೆಶೋಲ್ಡ್‌ನಿಂದ ಕಪ್ಪು-ಬಿಳುಪಾಗಿಸಿ, ಅಕ್ಷರದ ಮೇಲೆ ಒಪ್ಯಾಸಿಟಿ ಮಾಸ್ಕ್ ಆಗಿ (ಕಪ್ಪು ಇದ್ದಲ್ಲಿ ಅಕ್ಷರ ಮರೆಯಾಗುತ್ತದೆ) ಹಾಕಿ, ಸಾಲಿನಿಂದ ಸಾಲಿಗೆ ತಿರುಗಿಸಿ. ಕೊನೆಗೆ ಚುಕ್ಕಿ, ಸೀಳು, ಒತ್ತುಗಳ ಜಾಗದಲ್ಲಿ ಮಾಸ್ಕ್‌ಗೆ ಬಿಳಿ ಬಳಿದು ಅಕ್ಷರವನ್ನು ತುಂಬಿಸಿ. ಈ ಹೆಜ್ಜೆ ಬಿಡಲೇಬೇಡಿ. ಅಂಚನ್ನು ಒರಟಾಗಿಸುವ ರಫನ್ ಎಫೆಕ್ಟ್ ಬೇಡ, ಕನ್ನಡದ ದುಂಡು ತಿರುವುಗಳೆಲ್ಲ ಗರಗಸದ ಹಲ್ಲಾಗುತ್ತವೆ.

ಸವೆತವನ್ನು ಅಂತಿಮ ಅಳತೆಯಲ್ಲೇ ಕೊಡಿ. 10×6 ಅಡಿ ಫ್ಲೆಕ್ಸ್‌ನಲ್ಲಿ 2–3 ಮಿ.ಮೀ.ಗಿಂತ ಸಣ್ಣ ಚುಕ್ಕಿ ದೂರದಿಂದ ಬರೀ ಕೊಳೆಯಾಗಿ ಕಾಣುತ್ತದೆ. ಸ್ಕ್ರೀನ್ ಪ್ರಿಂಟಿಂಗ್‌ನ ಟೀ-ಶರ್ಟಿನಲ್ಲಿ 0.5 ಮಿ.ಮೀ.ಗಿಂತ ಸಣ್ಣ ತೂತುಗಳು ಮಸಿ ತುಂಬಿ ಮುಚ್ಚಿಕೊಳ್ಳುತ್ತವೆ. ವಿನೈಲ್ ಕಟಿಂಗ್‌ಗಂತೂ (ಅಂಟುಹಾಳೆಯಲ್ಲಿ ಅಕ್ಷರ ಕತ್ತರಿಸುವುದು) ಸವೆದ ಅಕ್ಷರ ಕೊಡಬೇಡಿ. ಹೆಚ್ಚುವರಿ ಹಾಳೆ ಕೀಳುವಾಗ ಚೂರುಗಳೂ ಎದ್ದು ಬರುತ್ತವೆ.

ಕೊರತೆಗಳೂ ಇವೆ. 800ಕ್ಕಿಂತ ದಪ್ಪ ಸಿಗದು. ಸಣ್ಣ ಗಾತ್ರದಲ್ಲಿ ಘ, ಣ ಮುಚ್ಚಿದಂತೆ ಕಾಣುತ್ತವೆ, ಸಮಯ–ಸ್ಥಳದ ಸಾಲುಗಳಿಗೆ ಅಗಲ 100ರ ರೂಪವೇ ಸರಿ. ಹಳೆಯ ಕೋರೆಲ್‌ಡ್ರಾ ತಂತ್ರಾಂಶ ಇರುವ ಮುದ್ರಣದ ಅಂಗಡಿಗಳಲ್ಲಿ ವೇರಿಯಬಲ್ ಫೈಲ್ (ಎಲ್ಲ ಅಗಲ, ತೂಕ ಒಂದರಲ್ಲೇ ಇರುವ ಫಾಂಟ್ ಫೈಲ್) ಕೈಕೊಡುತ್ತದೆ, ಮಾಸ್ಕ್ ಕೂಡ ಕಳೆದುಹೋಗಬಹುದು. ಅವರಿಗೆ ಶೀರ್ಷಿಕೆಯನ್ನು 1-ಬಿಟ್ ಟಿಫ್ (ಬರೀ ಕಪ್ಪು-ಬಿಳುಪಿನ ಚಿತ್ರ) ಮಾಡಿ, ಉಳಿದ ಸಾಲುಗಳನ್ನು ಕರ್ವ್ಸ್ (ಆಕಾರ) ಮಾಡಿ ಕಳುಹಿಸಿ.

5ರಲ್ಲಿ 4 ಅಂಕ.