ಚನ್ನಪಟ್ಟಣದ ಮೂರು ಮರದ ಆಟಿಕೆಗಳು: ಬಳಸಿ ನೋಡಿದ ಮೇಲಿನ ಅಭಿಪ್ರಾಯ

ಕಂಬಕ್ಕೆ ಬಳೆ ಪೋಣಿಸುವ ಗೋಪುರ, ದಾರ ಹಿಡಿದು ಎಳೆಯುವ ಗಾಲಿ ಆನೆ ಮತ್ತು ಬೆರಳಿನಿಂದ ತಿರುಗಿಸುವ ಬುಗುರಿ, ಈ ಮೂರನ್ನೂ ಚನ್ನಪಟ್ಟಣದ ಅಂಗಡಿಯೊಂದರಲ್ಲಿ ಸಾವಿರ ರೂಪಾಯಿಯೊಳಗೆ ಕೊಂಡೆವು. ನಮ್ಮ ಮನೆಯ ಒಂದೂವರೆ ವರ್ಷದ ಮಗನೂ ನಾಲ್ಕು ವರ್ಷದ ಅವನ ಅಕ್ಕನೂ ಕೆಲವು ತಿಂಗಳಿಂದ ಇವುಗಳೊಂದಿಗೆ ಆಡುತ್ತಿದ್ದಾರೆ.

ಮೂರರಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಬಳೆಗಳ ಗೋಪುರ. ಮಕ್ಕಳು ವಸ್ತುವನ್ನು ಹಿಡಿಯುವುದನ್ನು ಮೊದಲು ಕಲಿಯುತ್ತಾರೆ. ಬೇಕಾದ ಜಾಗದಲ್ಲಿ, ಬೇಕಾದ ಗಳಿಗೆಯಲ್ಲಿ ಬೆರಳು ಸಡಿಲಿಸಿ ಬಿಡುವುದು ಆಮೇಲೆ ಬರುವ ವಿದ್ಯೆ. ಮಗ ಎಡಗೈಯಿಂದ ಪೀಠವನ್ನು ಒತ್ತಿ ಹಿಡಿದು, ಬಲಗೈಯ ಬಳೆಯನ್ನು ಕಂಬದ ತುದಿಗೆ ತಾಗಿಸಿ, ಅದು ಜಾರಿದರೆ ಮಣಿಕಟ್ಟನ್ನು ತುಸು ಹೊರಳಿಸಿ ಮತ್ತೆ ಪ್ರಯತ್ನಿಸುತ್ತಾನೆ. ಕಣ್ಣಿನ ಅಳತೆಗೆ ಕೈ ಹೊಂದಿಕೊಳ್ಳುವುದು, ಎರಡು ಕೈಗಳು ಬೇರೆಬೇರೆ ಕೆಲಸವನ್ನು ಒಟ್ಟಿಗೆ ಮಾಡುವುದು, ಇವೆರಡೂ ಅಲ್ಲಿಯೇ ನಡೆಯುತ್ತಿರುತ್ತವೆ. ಕಂಬ ಬುಡದಿಂದ ತುದಿಯವರೆಗೆ ಒಂದೇ ದಪ್ಪವಿರುವುದರಿಂದ ಯಾವ ಬಳೆ ಮೊದಲು ಹೋದರೂ ಕೂರುತ್ತದೆ. ಕೆಲವರು ಇದನ್ನು ಕೊರತೆ ಎಂದಾರು. ಗುಣವೆಂದೇ ನನ್ನ ಅಭಿಪ್ರಾಯ. ದೊಡ್ಡದು, ಚಿಕ್ಕದು ಎಂಬ ಕ್ರಮವನ್ನು ಆಟಿಕೆ ಹೇರದೆ ಇರುವುದರಿಂದ ಮಗು ಅದನ್ನು ತಾನೇ ನೋಡಿ ಕಂಡುಕೊಳ್ಳಬೇಕಾಗುತ್ತದೆ, ದೊಡ್ಡವರು ನಡುವೆ ಕೈ ಹಾಕಿ ಸರಿಪಡಿಸದಿದ್ದರೆ.

ಬುಗುರಿ ಅಕ್ಕನ ಪಾಲಿನದು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಡ್ಡಿಯನ್ನು ಹಿಡಿದು ಚಿಟಿಕೆ ಹೊಡೆದಂತೆ ತಿರುಗಿಸಲು ಅವಳಿಗೆ ಮೊದಲು ಬಲ ಸಾಲುತ್ತಿರಲಿಲ್ಲ. ಈ ಬಲ ಆಟಿಕೆಯಿಂದ ಮಾತ್ರ ಬರಬೇಕಿಲ್ಲ. ಅವರೆಕಾಯಿಯ ಕಾಲದಲ್ಲಿ ನೆನೆಸಿದ ಕಾಳನ್ನು ಹಿತುಕಿ ಬೇಳೆ ತೆಗೆಯಲು ಅವಳನ್ನು ಅಜ್ಜಿಯ ಪಕ್ಕದಲ್ಲಿ ಕೂರಿಸಿದರೆ, ಅದೇ ಎರಡು ಬೆರಳುಗಳು ಅದೇ ಕೆಲಸ ಮಾಡುತ್ತವೆ, ಎಣಿಕೆಯೂ ಮಾತೂ ಜೊತೆಗೆ ಸಾಗುತ್ತವೆ. (ಕಾಳು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಚಿಕ್ಕವನನ್ನು ಆ ತಟ್ಟೆಯಿಂದ ದೂರವಿಡಬೇಕು.)

ಆನೆ ನಡಿಗೆ ಗಟ್ಟಿಯಾದ ಮಗುವಿಗೆ ಒಪ್ಪುತ್ತದೆ. ಹಿಂದಕ್ಕೆ ತಿರುಗಿ ನೋಡುತ್ತ ಮುಂದಕ್ಕೆ ನಡೆಯುವುದು ಸಮತೋಲಕ್ಕೆ ಒಳ್ಳೆಯ ಅಭ್ಯಾಸ. ಆದರೆ ಅದಕ್ಕೆ ಕಟ್ಟಿದ್ದ ದಾರ ಕುತ್ತಿಗೆಗೆ ಸುತ್ತಿಕೊಳ್ಳುವಷ್ಟು ಉದ್ದವಿತ್ತು. ನಾವು ಅದನ್ನು ಕತ್ತರಿಸಿ ಗಿಡ್ಡ ಮಾಡಿದೆವು. ಯಾವ ವಯಸ್ಸಿನವರಿಗೆ ಎಂಬ ಚೀಟಿ ಮೂರರಲ್ಲಿ ಒಂದಕ್ಕೂ ಇರಲಿಲ್ಲ, ಇದು ನಿಜಕ್ಕೂ ಬೇಸರದ ಸಂಗತಿ.

ತಯಾರಿಕೆಯ ಬಗ್ಗೆ ದೂರಿಲ್ಲ. ಸಾಂಪ್ರದಾಯಿಕವಾಗಿ ಇಲ್ಲಿ ಹಗುರವಾದ ಆಲೆ ಮರವನ್ನು ಚರಕಿಗೆ (ಮರವನ್ನು ತಿರುಗಿಸಿ ಕಡೆಯುವ ಯಂತ್ರಕ್ಕೆ) ಸಿಕ್ಕಿಸಿ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಮಗು ಬಾಯಿಗೆ ಹಾಕಿದ ಬಳೆಗಳಲ್ಲಿ ಬಣ್ಣ ಎದ್ದಿಲ್ಲ. 2021ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದ್ದರೂ ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೆ ವಿನಾಯಿತಿ ಇರುವುದರಿಂದ, ಬಳಿದಿರುವುದು ಅರಗೋ ಪೇಂಟೋ ಎಂದು ಕೇಳಿಯೇ ಕೊಳ್ಳಬೇಕು. ಒಂದನ್ನಷ್ಟೇ ಕೊಳ್ಳುವವರಿಗೆ ನಾನು ಗೋಪುರವನ್ನು ಸೂಚಿಸುತ್ತೇನೆ.