ಒಡೆಯರ ಕೀಲಿಮಣೆ, ಹೊರಗಿನವರ ಕೀಲಿಮಣೆ: ಒಂದೇ ಆಮಂತ್ರಣ ಪತ್ರಿಕೆಯನ್ನು ಆರು ಬಾರಿ ಟೈಪ್ ಮಾಡಿ ನೋಡಿದ್ದು

ಉಡುಪಿಯಲ್ಲಿ ನಾನು ನಡೆಸುವ ಸಣ್ಣ ಡಿಟಿಪಿ ಅಂಗಡಿಗೆ ಬೇಸಗೆಯ ತಿಂಗಳುಗಳಲ್ಲಿ ಬರುವ ಕೆಲಸದ ಮುಕ್ಕಾಲು ಪಾಲು ಆಮಂತ್ರಣ ಪತ್ರಿಕೆಗಳದ್ದು: ಬ್ರಹ್ಮಕಲಶೋತ್ಸವ, ನೇಮೋತ್ಸವ, ಮದುವೆ, ಹರಕೆಯ ಬಯಲಾಟ. ಈ ವರ್ಷ ಹಳೆಯ ಕಂಪ್ಯೂಟರೊಂದನ್ನು ಬದಲಾಯಿಸಬೇಕಾಗಿ ಬಂದಾಗ, ಕನ್ನಡ ಟೈಪಿಂಗ್‌ಗೆ ವಿಂಡೋಸ್ ಜೊತೆಗೇ ಬರುವ ಕೀಲಿಮಣೆ ಸಾಕಾದೀತೇ ಅಥವಾ ಇಷ್ಟು ವರ್ಷ ನೆಚ್ಚಿಕೊಂಡಿದ್ದ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳನ್ನು ಮತ್ತೆ ಹಾಕಿಸಬೇಕೇ ಎಂಬ ಪ್ರಶ್ನೆ ಎದ್ದಿತು. ಯಂತ್ರದ ವ್ಯವಸ್ಥೆಯನ್ನು ಮಾಡಿದ ಕಂಪೆನಿಯೇ ಜೊತೆಗೆ ಕೊಡುವುದನ್ನು ಒಡೆಯರ ಕೀಲಿಮಣೆ, ಬೇರೆಯವರು ಮಾಡಿ ನಾವು ಹಾಕಿಕೊಳ್ಳುವುದನ್ನು ಹೊರಗಿನವರ ಕೀಲಿಮಣೆ ಎನ್ನುತ್ತೇನೆ. ತೀರ್ಮಾನಕ್ಕೆ ಮೊದಲು, ಕೈಯಲ್ಲಿದ್ದ ಒಂದು ಬ್ರಹ್ಮಕಲಶೋತ್ಸವ ಪತ್ರಿಕೆಯ ಮೊದಲ ಪುಟವನ್ನು ಆರು ವಿಧದಲ್ಲಿ ಟೈಪ್ ಮಾಡಿ ನೋಡಿದೆ. ಕಂಪ್ಯೂಟರಿನಲ್ಲಿ ವಿಂಡೋಸ್‌ನ ಇನ್‌ಸ್ಕ್ರಿಪ್ಟ್, ವಿಂಡೋಸ್‌ನ ಫೊನೆಟಿಕ್, ನುಡಿ ಮತ್ತು ಬರಹ. ಮೊಬೈಲಿನಲ್ಲಿ ಫೋನಿನೊಂದಿಗೇ ಬಂದ ಕೀಲಿಮಣೆ ಮತ್ತು ನಾನಾಗಿ ಹಾಕಿಕೊಂಡ ಇನ್ನೊಂದು. ಮೊಬೈಲಿನ ಎರಡರ ಹೆಸರನ್ನು ಬರೆಯುತ್ತಿಲ್ಲ. ಮುಂದಿನ ಅಪ್‌ಡೇಟ್ ಬರುವಷ್ಟರಲ್ಲಿ ಎರಡರ ಗುಣದೋಷಗಳೂ ಬದಲಾಗಿರಬಹುದು.

ಈ ಸ್ಪರ್ಧೆಯಲ್ಲಿ ಯಾರು ಮೊದಲು ಬಂದವರು ಎಂಬುದನ್ನು ಮರೆತರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆಯನ್ನು ಹಿಡಿದು ಕನ್ನಡ ಮೂಡಿಸುವ ಬರಹ ತಂತ್ರಾಂಶ 1998ರಲ್ಲೇ ಹೊರಬಂದಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ, ಅಂದರೆ 2001ರಲ್ಲಿ, ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ತುಂಗಾ ಎಂಬ ಕನ್ನಡ ಫಾಂಟೂ ಸೇರಿದವು. ಫೊನೆಟಿಕ್ ಕೀಲಿಮಣೆ ವಿಂಡೋಸ್ ಒಳಗೇ ಸಿಗುವುದಕ್ಕೆ 2019ರ ಅಪ್‌ಡೇಟ್ ತನಕ ಕಾಯಬೇಕಾಯಿತು. ಇನ್ನು ನುಡಿಯಲ್ಲಿರುವ ವಿನ್ಯಾಸವಂತೂ ನಮ್ಮೂರಿನ ಕಡೆಯದೇ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅದನ್ನು ರೂಪಿಸಿದವರು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ಅವರು ಸಿದ್ಧಪಡಿಸಿದ ‘ಸೇಡಿಯಾಪು’ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಮುಂದೆ ಅದೇ ವಿನ್ಯಾಸವನ್ನು ರಾಜ್ಯ ಸರ್ಕಾರ ಒಪ್ಪಿಕೊಂಡಿತು, ಕನ್ನಡ ಗಣಕ ಪರಿಷತ್ತು ನುಡಿಯಲ್ಲಿ ಅಳವಡಿಸಿತು. ಹೊರಗಿನವರು ಬಾವಿ ತೋಡಿ ನೀರು ಕಾಣಿಸಿದ ಎಷ್ಟೋ ವರ್ಷಗಳ ಮೇಲೆ ಒಡೆಯರು ನಲ್ಲಿ ಹಾಕಿಸಿದರೆಂದು ನಾನು ತಮಾಷೆ ಮಾಡುವುದುಂಟು.

ಈಗ ಕೈಬೆರಳಿನ ಲೆಕ್ಕ. ‘ಕಮಲ’ ಎಂದು ಮೂಡಿಸಲು ಬರಹದಲ್ಲಿ ಆರು ಕೀಲಿಗಳನ್ನು ಒತ್ತಬೇಕು, ಕೆ.ಪಿ. ರಾವ್ ವಿನ್ಯಾಸದಲ್ಲಿ ಮೂರು ಸಾಕು, ಏಕೆಂದರೆ ಅಲ್ಲಿ ವ್ಯಂಜನದೊಳಗೇ ಅಕಾರ ಅಡಗಿರುತ್ತದೆ. ‘ಮಂಗಳೂರು’ ಬರಹದಲ್ಲಿ ಒಂಬತ್ತು, ರಾವ್ ವಿನ್ಯಾಸದಲ್ಲಿ ಏಳು. ಒತ್ತಕ್ಷರ ಬೇಕಾದಾಗ ಎರಡು ವ್ಯಂಜನಗಳ ನಡುವೆ ಎಫ್ ಕೀಲಿಯನ್ನು ಒತ್ತುವುದು ಮೊದಲ ವಾರ ವಿಚಿತ್ರವೆನಿಸಿದರೂ ಆಮೇಲೆ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ವಿಂಡೋಸ್‌ನ ಇನ್‌ಸ್ಕ್ರಿಪ್ಟ್‌ನಲ್ಲೂ ಒತ್ತುಗಳ ಸಂಖ್ಯೆ ಇಷ್ಟೇ. ಆದರೆ ಅದರ ಕೀಲಿಗಳಿಗೂ ಇಂಗ್ಲಿಷ್ ಅಕ್ಷರಗಳ ಧ್ವನಿಗೂ ನಂಟಿಲ್ಲದ ಕಾರಣ ಪೂರ್ತಿ ಹೊಸದಾಗಿ ಕಲಿಯಬೇಕು. ಕಲಿತವರಿಗೆ ಒಂದು ಲಾಭವಿದೆ: ಭಾರತದ ಬೇರೆ ಲಿಪಿಗಳಿಗೂ ಅದೇ ಜಾಗದಲ್ಲಿ ಅದೇ ಅಕ್ಷರ ಸಿಗುತ್ತದೆ. ಕಾಸರಗೋಡಿನ ಕಡೆಯಿಂದ ಮಲಯಾಳದ ಕೆಲಸವೂ ಬರುವ ಅಂಗಡಿಗೆ ಇದು ಸಣ್ಣ ಮಾತಲ್ಲ. ನನ್ನ ಹೊಸ ಯಂತ್ರದಲ್ಲಿ ವಿಂಡೋಸ್ ತೋರಿಸುವ ಪಟ್ಟಿಯಲ್ಲಿ ಕೆ.ಪಿ. ರಾವ್ ವಿನ್ಯಾಸ ಕಾಣಿಸಲಿಲ್ಲ. ಒಬ್ಬನೇ ಒಡೆಯನೆಂದಿಲ್ಲದ ಲಿನಕ್ಸ್‌ನಲ್ಲಿ ಅದು ‘ಕಗಪ’ (ಕನ್ನಡ ಗಣಕ ಪರಿಷತ್ತು) ಎಂಬ ಹೆಸರಿನಲ್ಲಿ ಮೊದಲೇ ಸೇರಿಕೊಂಡಿರುತ್ತದೆ ಎಂಬುದು ಗಮನಿಸಬೇಕಾದ ಸಂಗತಿ.

ವೇಗ ಒಂದನ್ನೇ ನೋಡಿದ್ದರೆ ಹೋಲಿಕೆ ಇಲ್ಲಿಗೆ ಮುಗಿಯುತ್ತಿತ್ತು. ತೊಡಕಿರುವುದು ಪುಟ ಕಟ್ಟುವಲ್ಲಿ. ನಮ್ಮ ಕಡೆಯ ಅನೇಕ ಮುದ್ರಣಾಲಯಗಳಲ್ಲಿ ಇಂದಿಗೂ ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಉಸಿರಾಡುತ್ತಿದೆ, ಅದಕ್ಕೆ ಯೂನಿಕೋಡ್ ಎಂಬ, ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿಯ ಕನ್ನಡ ಅರ್ಥವಾಗುವುದಿಲ್ಲ. ವಿಂಡೋಸ್‌ನ ಕೀಲಿಮಣೆ ಕೊಡುವುದು ಯೂನಿಕೋಡ್ ಮಾತ್ರ; ನುಡಿ ಮತ್ತು ಬರಹಗಳು ಯೂನಿಕೋಡನ್ನೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನಿಟ್ಟ ಹಳೆಯ ಆಸ್ಕಿ ಫಾಂಟುಗಳಿಗೆ ಹೊಂದುವ ಅಕ್ಷರಗಳನ್ನೂ ಕೊಡುತ್ತವೆ. ಹೀಗಾಗಿ ಹಳೆಯ ಪತ್ರಿಕೆಯೊಂದನ್ನು ತೆರೆದು ದಿನಾಂಕ ಮತ್ತು ತಂತ್ರಿಗಳ ಹೆಸರನ್ನಷ್ಟೇ ತಿದ್ದಬೇಕಾದ ಸಂದರ್ಭದಲ್ಲಿ ಒಡೆಯರ ಕೀಲಿಮಣೆ ಕೆಲಸಕ್ಕೇ ಬರುವುದಿಲ್ಲ. ಪುಟ ಕಟ್ಟಲು ಹೊಸ ತಂತ್ರಾಂಶವಾದ ಇನ್‌ಡಿಸೈನ್‌ಗೆ ಬದಲಾಗಿರುವವರಿಗೆ ಈ ಕಷ್ಟವಿಲ್ಲ.

ಪ್ರೂಫ್ ನೋಡುವವರನ್ನು ಕಾಡುವುದು ಇನ್ನೂ ಸೂಕ್ಷ್ಮವಾದ ಒಂದು ವಿಷಯ. ನಮ್ಮ ಪತ್ರಿಕೆಯಲ್ಲಿ ‘ರ‍್ಯಾಂಕ್ ವಿಜೇತರಿಗೆ ಸನ್ಮಾನ’ ಎಂಬ ಸಾಲಿತ್ತು. ರಕಾರದ ಮುಂದೆ ಯಕಾರದ ಒತ್ತು ಬಂದಾಗ ಯೂನಿಕೋಡ್ ಸಹಜವಾಗಿ ಅರ್ಕಾವತ್ತನ್ನು ಮೂಡಿಸುತ್ತದೆ, ‘ಕಾರ್ಯ’ ಎಂಬಲ್ಲಿ ಆಗುವಂತೆ. ‘ರ‍್ಯಾಂಕ್’ನಲ್ಲಿ ರಕಾರ ಪೂರ್ತಿಯಾಗಿ ನಿಂತು ಕೆಳಗೆ ಯ-ಒತ್ತು ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಸೇರಿಸಬೇಕು. ಇದಕ್ಕೆ ವಿರುದ್ಧವಾಗಿ, ‘ಸಾಫ್ಟ್‌ವೇರ್’ ಎಂಬಲ್ಲಿ ವಕಾರ ಒತ್ತಾಗಿ ಕೆಳಗಿಳಿಯದಂತೆ ತಡೆಯಲು ಕಾಣದ ಇನ್ನೊಂದು ಅಕ್ಷರ ಬೇಕು. ಬರಹದಲ್ಲಿ ಟೋಪಿಯಂತಿರುವ ಚಿಹ್ನೆಯನ್ನು ಒಮ್ಮೆ ಒತ್ತಿದರೆ ಮೊದಲನೆಯದು, ಎರಡು ಬಾರಿ ಒತ್ತಿದರೆ ಎರಡನೆಯದು ಸಿಗುತ್ತದೆ. ಕನ್ನಡ ಬರೆಯುವವರ ದಿನನಿತ್ಯದ ಗೋಳನ್ನು ಬಲ್ಲವರು ಮಾತ್ರ ಇದನ್ನು ಇಷ್ಟು ಹತ್ತಿರದಲ್ಲಿ ಇಟ್ಟಾರು. ಫೋನಿನೊಂದಿಗೆ ಬಂದ ಕೀಲಿಮಣೆಯಲ್ಲಿ ಇವೆರಡನ್ನೂ ನಾನು ಹುಡುಕಿ ಸೋತೆ. ಆದರೆ ಪದಸೂಚನೆಯ ಸಾಲಿನಲ್ಲಿ ‘ಸಾಫ್ಟ್‌ವೇರ್’ ಸರಿಯಾದ ರೂಪದಲ್ಲೇ ಬಂದು ಕುಳಿತಿತ್ತು. ನಿಯಮ ತಿಳಿಯದವನಿಗೂ ಸರಿಯಾದ ಪದ ದಕ್ಕಿಸಿಕೊಡುವ ಈ ಗುಣವನ್ನು ನಾನು ಪ್ರಾಮಾಣಿಕವಾಗಿ ಮೆಚ್ಚುತ್ತೇನೆ.

ಪದಸೂಚನೆ ಮತ್ತು ಧ್ವನಿಯಿಂದ ಬರೆಯಿಸುವುದು, ಈ ಎರಡರಲ್ಲಿ ಹೊರಗಿನವರು ಒಡೆಯರ ಹತ್ತಿರಕ್ಕೂ ಬರಲಾರರು, ಏಕೆಂದರೆ ಅದಕ್ಕೆ ಬೇಕಾಗುವ ಮಾತಿನ ಸಂಗ್ರಹವೂ ಯಂತ್ರಬಲವೂ ಇಬ್ಬರು ಮೂವರು ಸೇರಿ ಮಾಡುವ ತಂತ್ರಾಂಶಕ್ಕೆ ನಿಲುಕುವಂಥದ್ದಲ್ಲ. ತುಳುವಿನ ವಿಷಯದಲ್ಲಿ ಮಾತ್ರ ಈ ಜಾಣತನವೇ ತಿರುಗಿಬಿತ್ತು. ಮೊಕ್ತೇಸರರೊಬ್ಬರಿಗೆ ‘ಎಂಚ ಉಲ್ಲರ್’ (ಹೇಗಿದ್ದೀರಿ) ಎಂದು ಬರೆದು ಕಳುಹಿಸಿದ್ದು ‘ಮಂಚ ಉಲ್ಲರ್’ ಎಂದಾಗಿ ಹೋಗಿ, “ಎಂತ ಮಾರಾಯ್ರೆ, ಮಂಚದ ಆರ್ಡರ್ ನಾನು ಕೊಟ್ಟದ್ದಲ್ಲ” ಎಂಬ ಉತ್ತರ ಬಂತು. ತಿದ್ದುವ ಉತ್ಸಾಹವಿಲ್ಲದ ಹೊರಗಿನ ಕೀಲಿಮಣೆ ನಾನು ಒತ್ತಿದ್ದನ್ನಷ್ಟೇ ಬರೆಯಿತು.

ಇಷ್ಟೆಲ್ಲ ಟೈಪ್ ಮಾಡಿದ ಮೇಲೆ ನನಗೆ ಮನವರಿಕೆಯಾದದ್ದು, ಗೆಲುವು ಸೋಲು ಬಹುಮಟ್ಟಿಗೆ ಬಾಗಿಲಲ್ಲೇ ತೀರ್ಮಾನವಾಗುತ್ತದೆ ಎಂಬುದು. ಆಂಡ್ರಾಯ್ಡ್ ಫೋನಿನಲ್ಲಿ ಹೊರಗಿನ ಕೀಲಿಮಣೆಯನ್ನು ಚಾಲೂ ಮಾಡುವಾಗ, ಇದು ನೀವು ಬರೆಯುವ ಪಾಸ್‌ವರ್ಡ್, ಕ್ರೆಡಿಟ್ ಕಾರ್ಡ್ ಸಂಖ್ಯೆಗಳನ್ನೂ ಸಂಗ್ರಹಿಸಬಹುದೆಂಬ ಎಚ್ಚರಿಕೆ ಮೂಡುತ್ತದೆ. ಫೋನಿನ ವ್ಯವಸ್ಥೆಯ ಭಾಗವಾಗಿಯೇ ಬಂದ ಕೀಲಿಮಣೆಗೆ ಆ ಎಚ್ಚರಿಕೆ ಇಲ್ಲ, ಬರೆದದ್ದನ್ನೆಲ್ಲ ನೋಡುವ ಶಕ್ತಿ ಅದಕ್ಕೂ ಇರುತ್ತದೆಯಾದರೂ. ಐಫೋನಿನಲ್ಲಿ ಹೊರಗಿನ ಕೀಲಿಮಣೆಗಳಿಗೆ ಪ್ರವೇಶ ಸಿಕ್ಕಿದ್ದೇ 2014ರಲ್ಲಿ, ಐಒಎಸ್ 8ರೊಂದಿಗೆ, ಮತ್ತು ಪಾಸ್‌ವರ್ಡ್ ಬರೆಯುವ ಜಾಗದಲ್ಲಿ ಇಂದಿಗೂ ಅವು ಹಿಂದೆ ಸರಿದು ಆ್ಯಪಲ್‌ನ ಕೀಲಿಮಣೆಯೇ ಮೇಲೇಳುತ್ತದೆ. ಎಚ್ಚರಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಕಳ್ಳ ಕೀಲಿಮಣೆಗಳು ಇದ್ದೇ ಇವೆ. ಆದರೆ ಕಾವಲುಗಾರನೂ ಅದೇ ಬೀದಿಯ ಅಂಗಡಿಕಾರನೂ ಒಬ್ಬನೇ ಆದಾಗ ಗಿರಾಕಿ ಯಾವ ಕಡೆ ತಿರುಗುತ್ತಾನೆಂದು ಊಹಿಸುವುದು ಕಷ್ಟವಲ್ಲ. ಕಂಪ್ಯೂಟರಿನಲ್ಲೂ ಇದೇ ಕಥೆ. ಕೀಲಿಯ ಒತ್ತನ್ನು ನಡುದಾರಿಯಲ್ಲಿ ಹಿಡಿದು ಕನ್ನಡವಾಗಿಸುವ ತಂತ್ರಾಂಶ, ಭದ್ರತಾ ತಂತ್ರಾಂಶದ ಕಣ್ಣಿಗೆ ಪಾಸ್‌ವರ್ಡ್ ಕದಿಯುವ ತಂತ್ರಾಂಶದಂತೆಯೇ ಕಾಣುತ್ತದೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಪ್ಲೇಟ್‌ಗೆ ಹೋಗಬೇಕಿದ್ದ ಕೆಲಸ ಮುಂದಿರುವಾಗಲೇ, ನಮ್ಮ ಒಂದು ಕನ್ನಡ ತಂತ್ರಾಂಶ ಹೀಗೆಯೇ ಮಾಯವಾಗಿತ್ತು.

ಇಂಥ ಮೇಲುಗೈಯನ್ನು ಭಾರತದ ಸ್ಪರ್ಧಾ ಆಯೋಗವೂ ಗಮನಿಸಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ ತನ್ನ ಆ್ಯಪ್‌ಗಳನ್ನು ಮೊದಲೇ ಅಳವಡಿಸುವ ಷರತ್ತುಗಳೂ ಸೇರಿದ ಪ್ರಕರಣದಲ್ಲಿ ಅದು 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1337.76 ಕೋಟಿ ರೂಪಾಯಿ ದಂಡ ಹಾಕಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದರೂ ಆಯೋಗದ ನಾಲ್ಕು ನಿರ್ದೇಶನಗಳನ್ನು ರದ್ದುಗೊಳಿಸಿತು.

ಹೊರಗಿನವರಲ್ಲಿ ದೋಷವಿಲ್ಲವೆಂದಲ್ಲ. ನಾನು ಮೊಬೈಲಿಗೆ ಹಾಕಿಕೊಂಡದ್ದಕ್ಕೆ ಬಹಳ ಕಾಲ ಅಪ್‌ಡೇಟ್ ಬಂದಿರಲಿಲ್ಲ. ಫೋನ್ ಬದಲಾಯಿಸಿದಾಗ ಅದರ ಕೆಳಸಾಲು ಪರದೆಯ ಅಂಚಿನಡಿಗೆ ಅರ್ಧ ಜಾರಿ ಕೂತಿತ್ತು. ಮೊದಲು ಉಚಿತವಾಗಿದ್ದ ಬರಹಕ್ಕೆ ನಂತರ ಹಣ ಕೊಡಬೇಕಾಯಿತೆಂದು ಗೊಣಗಿದವರು ನಮ್ಮಲ್ಲೇ ಇದ್ದಾರೆ. ನಾನು ಗೊಣಗಲಿಲ್ಲ; ಒಂದು ಮದುವೆ ಪತ್ರಿಕೆಗೆ ಹಿಡಿಯುವ ಆರ್ಟ್ ಕಾಗದಕ್ಕೆ ಲೆಕ್ಕ ನೋಡದೆ ಹಣ ಕೊಡುವವರು ಅದರ ಮೇಲಿನ ಅಕ್ಷರಕ್ಕೆ ಚೌಕಾಸಿ ಮಾಡುವುದು ನನಗೆ ಸರಿಕಾಣುವುದಿಲ್ಲ.

ಕೊನೆಗೆ ಅಂಗಡಿಯಲ್ಲಿ ಆದ ಏರ್ಪಾಡು ಇದು. ಹೊಸ ಯಂತ್ರದಲ್ಲಿ ನುಡಿ ಹಾಕಿಸಿ, ಭದ್ರತಾ ತಂತ್ರಾಂಶದಲ್ಲಿ ಅದಕ್ಕೆ ವಿನಾಯಿತಿ ಕೊಟ್ಟಿದ್ದೇನೆ. ಈಚೆಗೆ ಕೆಲಸಕ್ಕೆ ಸೇರಿದ ಹುಡುಗಿಗೆ ಮೊಬೈಲಿನ ಚಾಟಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದು ರೂಢಿಯಾದ್ದರಿಂದ ಅವಳ ಯಂತ್ರದಲ್ಲಿ ವಿಂಡೋಸ್ ಫೊನೆಟಿಕ್ ಇದೆ. ಅವಳು ಟೈಪ್ ಮಾಡಿದ್ದರಲ್ಲಿ ‘ರ‍್ಯಾಂಕ್’ಗಳನ್ನು ನಾನು ಕೂತು ತಿದ್ದುತ್ತೇನೆ. ನನ್ನ ಫೋನಿನಲ್ಲಿ ಎರಡೂ ಕೀಲಿಮಣೆಗಳಿವೆ: ಗಿರಾಕಿಗಳಿಗೆ ಕನ್ನಡದಲ್ಲಿ ಉತ್ತರಿಸಲು ಜೊತೆಗೆ ಬಂದದ್ದು, ತುಳುವಿಗೆ ಹೊರಗಿನದು.