ಬೈಗುಳವನ್ನೂ ತೂಗಿ ಅನುವಾದಿಸುವ ಕಚೇರಿ: ಬೆಳಗಾವಿಯ ಒಂದು ಭಾಷಾಂತರ ಸೇವೆ

ಬೆಳಗಾವಿಯ ಚನ್ನಮ್ಮ ವೃತ್ತದ ಆಸುಪಾಸಿನಲ್ಲಿ, ಕೋರ್ಟಿನ ಕೆಲಸವನ್ನೇ ನಂಬಿಕೊಂಡ ಟೈಪಿಂಗ್ ಹಾಗೂ ಝೆರಾಕ್ಸ್ ಅಂಗಡಿಗಳ ನಡುವೆ, ಮರಾಠಿ ಮತ್ತು ಇಂಗ್ಲಿಷ್ ಕಾಗದಪತ್ರಗಳನ್ನು ಕನ್ನಡಕ್ಕೆ ತಂದುಕೊಡುವ ಕಚೇರಿಗಳಿವೆ. ಅಂಥ ಒಂದು ಕಚೇರಿಯ ಸೇವೆ ಹೇಗಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಹಳೆಯ ಜಮೀನು ಕಾಗದಗಳು ಇನ್ನೂ ಉಳಿದಿದ್ದು, ಅವುಗಳನ್ನು ಓದಬಲ್ಲವರೆಂದು ಈ ಕಚೇರಿಯ ಹಿರಿಯರಿಗೆ ಹೆಸರಿದೆ. ನಾನು ಒಯ್ದ ಕೆಲಸ ಮಾತ್ರ ಬೇರೆ ಜಾತಿಯದು. ಉದ್ಯಮಬಾಗದ ಫೌಂಡ್ರಿಯೊಂದರ ಇಬ್ಬರು ಪಾಲುದಾರರು ಇಂಗ್ಲಿಷಿನಲ್ಲಿ ಬರೆದುಕೊಂಡ ವಾಟ್ಸಾಪ್ ಸಂದೇಶಗಳಿಗೆ ವಕೀಲರು ಕನ್ನಡ ಪ್ರತಿ ಕೇಳಿದ್ದರು, ಮತ್ತು ಆ ಸಂದೇಶಗಳಲ್ಲಿ ‘ಫಕ್’ ಎಂಬ ಪದ ಪುಟಪುಟಕ್ಕೂ ಇತ್ತು.

ಮೊದಲ ಕರಡು ನಿರಾಶೆ ತಂದಿತು. ಕಿರಿಯ ಸಹಾಯಕರು ಆ ಪದ ಬಂದಲ್ಲೆಲ್ಲ ‘ಅವಾಚ್ಯ ಶಬ್ದ’ ಎಂದು ಬರೆದು ಕೈತೊಳೆದುಕೊಂಡಿದ್ದರು. ‘ಅವಾಚ್ಯ ಶಬ್ದಗಳಿಂದ ಬೈದು’ ಎಂಬುದು ಪೊಲೀಸ್ ಫಿರ್ಯಾದಿಗಳ ರೂಢಿಯ ಮಾತಾದ್ದರಿಂದ ಅವರನ್ನು ಪೂರ್ತಿ ದೂರಲಾಗದು. ಆದರೆ ‘ಫಕಿಂಗ್ ಗುಡ್ ಕಾಸ್ಟಿಂಗ್’ ಎಂದು ಒಬ್ಬರು ಲೋಹದ ಎರಕವನ್ನು ಮನಸಾರೆ ಹೊಗಳಿದ್ದೂ ಇದರಿಂದ ನಿಂದನೆಯಾಗಿ ಕಾಣುತ್ತಿತ್ತು.

ಹಿರಿಯರು ತಾವೇ ಕೈಹಾಕಿದ ಮೇಲೆ ಕೆಲಸದ ಬಣ್ಣ ಬದಲಾಯಿತು. ಪದದ ಅರ್ಥಕ್ಕಿಂತ ಅದು ಆ ವಾಕ್ಯದಲ್ಲಿ ಮಾಡುತ್ತಿರುವ ಕೆಲಸವೇನು ಎಂಬುದನ್ನು ಅವರು ನೋಡಿದರು. ಹೊಗಳಿಕೆಯ ಸಾಲು ‘ಭಾರೀ ಚಲೋ ಕಾಸ್ಟಿಂಗ್’ ಆಯಿತು. ಆರ್ಡರ್ ‘ಫಕ್ಡ್ ಅಪ್’ ಆಗಿದ್ದದ್ದು ‘ಪೂರಾ ಹದಗೆಟ್ಟದ’ ಎಂದಾಯಿತು. ‘ಫಕ್ ಆಫ್’ ಎಂಬುದಕ್ಕೆ ‘ತೊಲಗು’ ಸಾಕಾಯಿತು. ತೊಡಕಾದದ್ದು ‘ಫಕ್ ಯೂ’ ಎಂಬಲ್ಲಿ. ಅವರು ಮೊದಲು ಬರೆದದ್ದು ‘ಬೋಳಿಮಗನೆ’ ಎಂದು. ಸಿಟ್ಟಿನ ಕಾವು ಅದರಲ್ಲಿ ಸರಿಯಾಗಿಯೇ ಇತ್ತಾದರೂ, ನಮ್ಮ ಬೈಗುಳ ಎದುರಾಳಿಯ ತಾಯಿಯನ್ನೂ ಆಕೆಯ ವೈಧವ್ಯವನ್ನೂ ಎಳೆದು ತರುತ್ತದೆ, ಇಂಗ್ಲಿಷ್ ಮೂಲದಲ್ಲಿ ತಾಯಿಯ ಸುದ್ದಿಯೇ ಇರಲಿಲ್ಲ. ಶಾಂತಿಭಂಗಕ್ಕೆ ಪ್ರಚೋದಿಸುವ ಉದ್ದೇಶಪೂರ್ವಕ ಅವಮಾನಕ್ಕೆ ಭಾರತೀಯ ನ್ಯಾಯ ಸಂಹಿತೆಯ 352ನೇ ಕಲಮಿನಲ್ಲಿ 2 ವರ್ಷದವರೆಗೆ ಶಿಕ್ಷೆ ಇರುವಾಗ, ಆಡದ ಮಾತನ್ನು ಅನುವಾದಕರು ಒಬ್ಬರ ಬಾಯಿಗೆ ತುರುಕುವಂತಿಲ್ಲ. ನನ್ನ ಈ ಆಕ್ಷೇಪವನ್ನು ಅವರು ಒಪ್ಪಿ, ‘ನಿನ್ನ ಮನಿ ಹಾಳಾಗ’ ಎಂದು ಬದಲಿಸಿ, ಮೂಲ ಪದವನ್ನು ಕನ್ನಡ ಲಿಪಿಯಲ್ಲಿ ಪಕ್ಕದಲ್ಲಿಟ್ಟು, ಅದರ ನೇರ ಅರ್ಥ ಸಂಭೋಗವೆಂದೂ ಇಲ್ಲಿ ಬೈಗುಳವಾಗಿ ಬಳಕೆಯಾಗಿದೆಯೆಂದೂ ಅಡಿಟಿಪ್ಪಣಿ ಹಾಕಿದರು. ಶಾಪದ ಮಾತು ಮೂಲಕ್ಕಿಂತ ತುಸು ಮೆತ್ತಗಾಯಿತೆಂದೇ ನನ್ನ ಅಭಿಪ್ರಾಯ. ಅಡಿಟಿಪ್ಪಣಿ ಆ ಕೊರತೆಯನ್ನು ತುಂಬಿದೆ.

ಕಚೇರಿಯ ಕಪಾಟಿನ ಹಳೆಯ ನಿಘಂಟಿನಲ್ಲಿ ಈ ಪದವೇ ಇರಲಿಲ್ಲ. ಅದರಲ್ಲಿ ಆಶ್ಚರ್ಯವಿಲ್ಲ: ಆಕ್ಸ್‌ಫರ್ಡ್ ಮಹಾನಿಘಂಟು ಕೂಡ ಇದನ್ನು ಒಳಗೆ ಬಿಟ್ಟುಕೊಂಡದ್ದು 1972ರ ಪುರವಣಿಯಲ್ಲಿ. ಆದರೆ 1598ರಷ್ಟು ಹಿಂದೆಯೇ ಜಾನ್ ಫ್ಲೋರಿಯೊ ತನ್ನ ಇಟಾಲಿಯನ್-ಇಂಗ್ಲಿಷ್ ನಿಘಂಟಿನಲ್ಲಿ ಇದನ್ನು ಅಳುಕಿಲ್ಲದೆ ಅರ್ಥವಾಗಿ ಕೊಟ್ಟಿದ್ದ. ರಾಜನ ಅಪ್ಪಣೆ ಪಡೆದು ಕೂಡುವುದನ್ನು ಸೂಚಿಸುವ ಮೊದಲಕ್ಷರಗಳಿಂದ ಪದ ಹುಟ್ಟಿತೆಂದು ಹಿರಿಯರು ಚಹಾ ಕುಡಿಯುತ್ತ ಹೇಳಿದ ಕಥೆ ಸೊಗಸಾಗಿದೆ, ಸುಳ್ಳು. ಪದದ ಬೇರು ಜರ್ಮಾನಿಕ್ ಭಾಷೆಗಳಲ್ಲಿದೆ. ಪುಣ್ಯಕ್ಕೆ ಆ ಕಥೆ ಅಡಿಟಿಪ್ಪಣಿಗೆ ಇಳಿಯಲಿಲ್ಲ.

ದೂರುಗಳೂ ಇವೆ. ಅಡಿಟಿಪ್ಪಣಿಗಳಿಗೆ ಪ್ರತ್ಯೇಕ ದರ ಹಿಡಿದದ್ದನ್ನು ಮೊದಲೇ ತಿಳಿಸಲಿಲ್ಲ; ಬೈಗುಳಗಳಲ್ಲಿ ಅಷ್ಟು ಎಚ್ಚರ ವಹಿಸಿದವರು ಸರಕಿನ ತೂಕದ ಅಂಕಿಯೊಂದನ್ನು ತಪ್ಪಾಗಿ ಟೈಪು ಮಾಡಿ, ತೋರಿಸಿದ ಮೇಲೆ ತಿದ್ದಿಕೊಟ್ಟರು. ಜಗಳದ ಸಂದೇಶಗಳಿದ್ದರೆ ಕಿರಿಯರ ಕೈಗೆ ಕೊಡದೆ ಹಿರಿಯರನ್ನೇ ಕೇಳಬೇಕು. ಅವರು ಸಿಗುವುದು ಬೆಳಗಿನ ಹೊತ್ತು. ಕೋರ್ಟು ಶುರುವಾದ ಮೇಲೆ ಅವರ ಮೇಜಿನ ಮುಂದೆ ಮೋಡಿ ಕಾಗದ ಹಿಡಿದವರ ಸಾಲು ಇರುತ್ತದೆ.